ಬೆಳಗಾದರೆ ಆರಿಹೋಗುವ ಪರದೆ

ಗದಗಿನಲ್ಲಿ ನಮ್ಮ ಭಾವ ಹದಿನೈದು ವರ್ಷ ನಡೆಸಿದ್ದ ನೆಟ್ ಸೆಂಟರ್ ಮುಚ್ಚಿದರು. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಲ್ಲಿಗೆ ಬರುತ್ತಿದ್ದವರು ಅರ್ಜಿ ತುಂಬುವ ಹುಡುಗರು ಮತ್ತು ಝೆರಾಕ್ಸ್ ಮಾಡಿಸುವವರು ಅಷ್ಟೇ. ಕುರ್ಚಿ, ಟೇಬಲ್ಲು, ಫ್ಯಾನು ಎಲ್ಲ ಮಾರಾಟವಾದವು. ಯಾರಿಗೂ ಬೇಡವಾದದ್ದು ಧಾರವಾಡಕ್ಕೆ ನಮ್ಮ ಮನೆಗೆ ಬಂತು. 19 ಇಂಚಿನ ಚೌಕ ಮಾನಿಟರ್ ಒಂದು, ಮಾನಿಟರಿಗೆ ಚಿತ್ರ ಕಳಿಸುವ ಹಳೇ ಗ್ರಾಫಿಕ್ಸ್ ಕಾರ್ಡ್ ಎರಡು, ಒಂದು ಚೀಲದ ತುಂಬ ಕೇಬಲ್ಲು.

"ನಿನಗ ಉಪಯೋಗ ಆಗ್ತಾವ ನೋಡು" ಅಂದರು ಭಾವ. ನನ್ನ ಹೆಂಡತಿ ಚೀಲವನ್ನೂ ನನ್ನನ್ನೂ ಒಂದು ಸಲ ನೋಡಿ ಒಳಗೆ ಹೋದಳು.

ನನಗೆ ಉಪಯೋಗ ಇತ್ತು. ನಾನು ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತೇನೆ. ಥೀಸಿಸ್ಸು, ಲಗ್ನಪತ್ರಿಕೆ, ಆಗೀಗ ಒಂದು ಕವನ ಸಂಕಲನ. ಆ ತಿಂಗಳು ಕೈಯಲ್ಲಿದ್ದದ್ದು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಒಂದು ಪುಸ್ತಕ. ಅದರ ಸ್ಕ್ಯಾನ್ ಪ್ರತಿ ನೋಡಿಕೊಂಡು ಹೊಸದಾಗಿ ಟೈಪ್ ಮಾಡಬೇಕು. ಪರದೆ ಒಂದೇ. ಒಂದು ಸಾಲು ಓದು, ಆಲ್ಟ್ ಟ್ಯಾಬ್ ಒತ್ತು, ಟೈಪ್ ಮಾಡು, ಮತ್ತೆ ಆಲ್ಟ್ ಟ್ಯಾಬ್. ಇಷ್ಟರಲ್ಲಿ ಓದಿದ ಸಾಲು ಅರ್ಧ ಮರೆತಿರುತ್ತದೆ. ಮಸಿ ಹರಡಿದ ಹಳೇ ಅಚ್ಚಿನಲ್ಲಿ ದ, ಧ, ಥ ಮೂರೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 47ನೇ ಪುಟದಲ್ಲಿ ಒಂದು ಪದ 'ಕದನ'ವೋ 'ಕಥನ'ವೋ ತಿಳಿಯದೆ, ಎರಡೂ ಅರ್ಥ ಹೊಂದುತ್ತವಲ್ಲ ಅಂತ, ಸದ್ಯಕ್ಕೆ 'ಕಥನ' ಅಂತ ಹಾಕಿ ಪಕ್ಕಕ್ಕೆ ಪ್ರಶ್ನಾರ್ಥಕ ಚಿಹ್ನೆ ಬರೆದಿಟ್ಟಿದ್ದೆ. ಎರಡು ಪರದೆ ಇದ್ದರೆ ಒಂದರಲ್ಲಿ ಪುಟ, ಇನ್ನೊಂದರಲ್ಲಿ ಟೈಪಿಂಗ್. ಕಣ್ಣು ಆಚೀಚೆ ಹೊರಳಿಸಿದರೆ ಸಾಕು.

ನನ್ನದು ಎರಡನೇ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರ್ ಇರುವ ಹಳೇ ಡೆಸ್ಕ್‌ಟಾಪ್. ಮದರ್‌ಬೋರ್ಡ್ ಆಗಿನ ಕಾಲದ ಅತಿ ಅಗ್ಗದ ಮಾದರಿ, ಹಿಂದುಗಡೆ ಮಾನಿಟರ್ ಕೇಬಲ್ ಹಾಕಲು ಒಂದೇ ಒಂದು ಕಿಂಡಿ, ಅದೂ ಹಳೇ ಬಗೆಯ ವಿಜಿಎ. ಹಾಗಾಗಿ ಎರಡನೇ ಮಾನಿಟರಿಗೆ ಕಾರ್ಡ್ ಬೇಕೇ ಬೇಕು. ಎರಡು ಮಾನಿಟರಿಗೆ ಎರಡು ಕಾರ್ಡ್, ಲೆಕ್ಕ ಸರಿಹೋಯಿತು ಅಂದುಕೊಂಡು ಶನಿವಾರ ಸಂಜೆ ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಕಾರ್ಡ್ ಹಾಕುವ ಉದ್ದ ಸ್ಲಾಟ್ ಒಂದೇ ಇತ್ತು. ಲೆಕ್ಕ ಅಲ್ಲಿಗೇ ಮುಗಿಯಿತು.

ಮೊದಲು ಹಾಕಿದ್ದು ಜೀಫೋರ್ಸ್ 210, 2009ರಲ್ಲಿ ಬಂದ ಕಾರ್ಡು. ನೆಟ್ ಸೆಂಟರಿನ ಧೂಳು ಅದರ ಪುಟ್ಟ ಫ್ಯಾನಿನೊಳಗೆ ಗಟ್ಟಿ ಕೂತಿತ್ತು. ಬೆರಳಿನಿಂದ ತಿರುಗಿಸಿದರೂ ತಿರುಗಲಿಲ್ಲ. ಆದರೂ ಆಸೆ ನೋಡಿ, ಹಾಕಿದೆ. ಪರದೆಯ ತುಂಬ ಇಳಕಲ್ ಸೀರೆಯ ಅಂಚಿನ ಹಾಗೆ ಬಣ್ಣದ ಪಟ್ಟಿಗಳು. ಎಷ್ಟು ವರ್ಷ ಹಾಗೆ ಕಾದು ಕಾದು ಬೆಂದಿತ್ತೋ ಏನೋ. ತೆಗೆದು ಪಕ್ಕಕ್ಕಿಟ್ಟೆ.

ಎರಡನೆಯದು ರೇಡಿಯಾನ್ ಎಚ್‌ಡಿ 5450. 2010ರದು. ಇದಕ್ಕೆ ಫ್ಯಾನೇ ಇಲ್ಲ, ಅಲ್ಯೂಮಿನಿಯಂ ರೆಕ್ಕೆಗಳಷ್ಟೇ. ತಿರುಗುವುದು ಏನೂ ಇಲ್ಲ ಅಂದರೆ ಕೆಡುವುದೂ ಕಡಿಮೆ. ಈ ಕಾರ್ಡು ಬದುಕಿತ್ತು. ಆದರೆ ಮೂಲದಲ್ಲಿ ಅದಕ್ಕಿದ್ದ ವಿಜಿಎ ಕಿಂಡಿ ಈಗ ಇರಲಿಲ್ಲ. ಇಂಥ ಗಿಡ್ಡ ಕಾರ್ಡುಗಳಲ್ಲಿ ವಿಜಿಎ ಭಾಗ ಪಟ್ಟಿಯಂಥ ಒಂದು ವೈರಿನಿಂದ ಕಾರ್ಡಿಗೆ ಅಂಟಿಕೊಂಡಿರುತ್ತದೆ. ತೆಳ್ಳನೆಯ ಕ್ಯಾಬಿನೆಟ್ಟಿಗೆ ಹಾಕುವಾಗ ಅದನ್ನು ಕಿತ್ತು ತೆಗೆಯುತ್ತಾರೆ. ಭಾವನ ಅಂಗಡಿಯ ಕ್ಯಾಬಿನೆಟ್ಟುಗಳೆಲ್ಲ ತೆಳ್ಳನೆಯವೇ. ಉಳಿದದ್ದು ವಿಜಿಎ ನಂತರ ಬಂದ ಬೇರೆ ಬಗೆಯ ಕಿಂಡಿಗಳು, ಒಂದು ಡಿವಿಐ, ಒಂದು ಎಚ್‌ಡಿಎಂಐ. ಬಂದ ಚೌಕ ಮಾನಿಟರಿಗೋ ವಿಜಿಎ ಬಿಟ್ಟರೆ ಬೇರೆ ದಾರಿ ಇಲ್ಲ.

ಚೀಲದಲ್ಲಿ ಡಿವಿಐಯಿಂದ ವಿಜಿಎಗೆ ಹೋಗುವ ಬಿಳಿ ಕನೆಕ್ಟರ್ ಒಂದು ಸಿಕ್ಕಿತು. ಕಾರ್ಡಿಗೆ ತುರುಕಿದರೆ ಹೋಗುತ್ತಿಲ್ಲ. ಬೆಳಕು ಹಿಡಿದು ನೋಡಿದೆ. ಕನೆಕ್ಟರಿನಲ್ಲಿ ಒಂದು ಚಪ್ಪಟೆ ಪಿನ್ನು, ಅದರ ಮೇಲೆ ಎರಡು, ಕೆಳಗೆ ಎರಡು ಸಣ್ಣ ಪಿನ್ನು. ಕಾರ್ಡಿನ ಕಿಂಡಿಯಲ್ಲಿ ಚಪ್ಪಟೆ ಪಿನ್ನಿಗೆ ಜಾಗ ಇದೆ, ಆ ನಾಲ್ಕಕ್ಕೆ ತೂತೇ ಇಲ್ಲ.

ಈಗ ಹೇಳಲು ನಾಚಿಕೆಯಾಗುತ್ತದೆ. ಇಕ್ಕಳ ತಂದು ಆ ನಾಲ್ಕೂ ಪಿನ್ನುಗಳನ್ನು ಒಂದೊಂದಾಗಿ ಮುರಿದೆ. ಆಮೇಲೆ ಕನೆಕ್ಟರ್ ಬೆಣ್ಣೆಯಲ್ಲಿ ಕೂದಲು ಹೋದ ಹಾಗೆ ಒಳಗೆ ಹೋಯಿತು. ಪರದೆ ಮಾತ್ರ ಕಪ್ಪು. ಆ ನಾಲ್ಕು ಪಿನ್ನುಗಳಲ್ಲಿ ಬರುವುದೇ ಕೆಂಪು, ಹಸಿರು, ನೀಲಿ, ಮತ್ತು ಸಾಲು ಎಲ್ಲಿ ಶುರುವಾಗಬೇಕು ಅನ್ನುವ ಸಂಕೇತ. ಅಂದರೆ ವಿಜಿಎ ಚಿತ್ರದ ಬಣ್ಣವೆಲ್ಲ ಅವುಗಳಲ್ಲೇ ಇತ್ತು. ಅವಕ್ಕೆ ಜಾಗ ಇರುವ ಕಿಂಡಿಗೆ ಡಿವಿಐ-ಐ ಅನ್ನುತ್ತಾರೆ, ಇಲ್ಲದ್ದಕ್ಕೆ ಡಿವಿಐ-ಡಿ. ನನ್ನದು ಡಿ. ಅದರಿಂದ ಅನಲಾಗ್ ಚಿತ್ರ, ಅಂದರೆ ವಿಜಿಎಗೆ ಬೇಕಾದ ಬಗೆಯದು, ಹೊರಗೆ ಬರುವುದೇ ಇಲ್ಲ, ಎಷ್ಟು ಪಿನ್ನು ಮುರಿದರೂ ಅಷ್ಟೇ.

"ಅದನ್ನ ಯಾಕ ಮುರದಿ ಅಪ್ಪಾ?" ಅಂದಳು ಮಗಳು. ಉತ್ತರ ಇರಲಿಲ್ಲ.

ಆಗ ಹೊಳೆದದ್ದು ಸರಿಯಾದ ದಾರಿಯೇ. ನನ್ನ ದೊಡ್ಡ ಮಾನಿಟರಿಗೆ ಎಚ್‌ಡಿಎಂಐ ಇದೆ, ಅದನ್ನು ಕಾರ್ಡಿಗೆ ಹಾಕುವುದು. ಚೌಕ ಮಾನಿಟರನ್ನು ಮದರ್‌ಬೋರ್ಡಿನ ವಿಜಿಎಗೆ ಹಾಕುವುದು. ಹಾಕಿದೆ. ಚೌಕ ಮಾನಿಟರ್ 'ನೋ ಸಿಗ್ನಲ್' ಅಂತ ಹೇಳಿ ಮಲಗಿತು. ಇದು ಕೆಟ್ಟದ್ದಲ್ಲ. ಕಾರ್ಡ್ ಕಂಡ ಕೂಡಲೇ ಬೋರ್ಡು ತನ್ನದೇ ಗ್ರಾಫಿಕ್ಸನ್ನು ಮುಚ್ಚಿಬಿಡುತ್ತದೆ. ಎರಡೂ ಬೇಕಾದರೆ ಬಯೋಸ್, ಅಂದರೆ ವಿಂಡೋಸಿಗೂ ಮುಂಚೆ ಏಳುವ ಬೋರ್ಡಿನದೇ ಸೆಟ್ಟಿಂಗುಗಳ ಒಳಗೆ ಹೋಗಿ ಮಲ್ಟಿ ಮಾನಿಟರ್ ಅನ್ನುವ ಆಯ್ಕೆಯನ್ನು ಆನ್ ಮಾಡಬೇಕು. ಹುಡುಕಿ ಹುಡುಕಿ ಆನ್ ಮಾಡಿದೆ. ವಿಂಡೋಸ್ 10 ಶುರುವಾಯಿತು, ಕಾರ್ಡು ನಡೆಸುವ ಡ್ರೈವರ್ ತಂತ್ರಾಂಶಗಳನ್ನು ತಾನೇ ಇಳಿಸಿಕೊಂಡಿತು, ಎರಡು ನಿಮಿಷ ಪರದೆ ಮಿಣಮಿಣ ಅಂದಿತು. ವಿಂಡೋಸ್ ಕೀ ಜೊತೆ ಪಿ ಒತ್ತಿ 'ಎಕ್ಸ್‌ಟೆಂಡ್' ಅಂದೆ.

ಎರಡೂ ಪರದೆ ಬೆಳಗಿದವು! ಎಡಕ್ಕೆ ಹಳೇ ಪುಸ್ತಕ, ಬಲಕ್ಕೆ ನನ್ನ ಟೈಪಿಂಗ್. ಚೌಕ ಮಾನಿಟರಿನ ಅಳತೆ 1280ಕ್ಕೆ 1024 ಚುಕ್ಕಿ. ಪುಸ್ತಕದ ಪುಟ ನೋಡಲು ಈಗಿನ ಅಡ್ಡಗಲದ ಪರದೆಗಿಂತ ಇದೇ ಚೆಂದ, ಯಾಕೆ ಇಂಥವು ಈಗ ಅಪರೂಪವಾದವೋ. ರಾತ್ರಿ ಹನ್ನೊಂದರವರೆಗೆ ಆರು ಪುಟ ಮುಗಿಸಿದೆ.

"ಪ್ಲಗ್ ತಗದೀರೇನು?" ಒಳಗಿಂದ ಹೆಂಡತಿ ಕೇಳಿದಳು. ಹಿಂದೊಮ್ಮೆ ಸಿಡಿಲಿಗೆ ಟಿವಿ ಸುಟ್ಟುಹೋದ ಮೇಲೆ ನಮ್ಮ ಮನೆಯಲ್ಲಿ ಮಲಗುವ ಮುಂಚೆ ಎಲ್ಲ ಪ್ಲಗ್ಗೂ ಗೋಡೆಯಿಂದ ಹೊರಗೆ. ತೆಗೆದು ಮಲಗಿದೆ.

ಭಾನುವಾರ ಬೆಳಿಗ್ಗೆ ಚೌಕ ಮಾನಿಟರ್ ಸತ್ತಿತ್ತು. ನೋ ಸಿಗ್ನಲ್.

ಆ ಭಾನುವಾರ ನಾನು ಮಾಡಿದ್ದನ್ನೆಲ್ಲ ಬರೆದರೆ ಈ ಬರಹ ಮುಗಿಯುವುದಿಲ್ಲ. ಕಾರ್ಡ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಮಗಳ ರಬ್ಬರಿನಿಂದ ಉಜ್ಜಿದೆ. ಮತ್ತೆ ಹಾಕಿದೆ. ಇಲ್ಲ. ರ್‍ಯಾಮ್ ತೆಗೆದು ಉಜ್ಜಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಕೈ ಬಿಡುವಾಗಿತ್ತು. ಡ್ರೈವರ್ ಅಳಿಸಿ ಮತ್ತೆ ಹಾಕಿದೆ. ಡಿವೈಸ್ ಮ್ಯಾನೇಜರಿನಲ್ಲಿ ರೇಡಿಯಾನ್ ಒಂದೇ ಕಾಣುತ್ತಿತ್ತು, ಬೋರ್ಡಿನ ವಿಜಿಎಗೆ ಚಿತ್ರ ಕಳಿಸುವ ಇಂಟೆಲ್ ಗ್ರಾಫಿಕ್ಸ್ ಹೆಸರೇ ಇಲ್ಲ. ಅದನ್ನು ನೋಡಿದ ಮೇಲಾದರೂ ತಿಳಿಯಬೇಕಿತ್ತು. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ನಾನು ಪ್ಲಗ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಮುಚ್ಚಿ, ಪ್ಲಗ್ ಹಾಕಿ.

ಮಧ್ಯಾಹ್ನ ಕೊನೆಗೂ ಬಯೋಸ್ ಒಳಗೆ ಹೋದೆ. ಮಲ್ಟಿ ಮಾನಿಟರ್ ಆಫ್ ಆಗಿತ್ತು. ಅಯ್ಯೋ, ನಿನ್ನೆ ಸರಿಯಾಗಿ ಸೇವ್ ಮಾಡಿರಲಿಕ್ಕಿಲ್ಲ ಅಂತ ನನ್ನನ್ನೇ ಬೈದುಕೊಂಡು ಮತ್ತೆ ಆನ್ ಮಾಡಿದೆ. ಬಂತು. ಈ ಸಲ ಮೋಸ ಹೋಗಬಾರದು ಅಂತ ನಾಲ್ಕು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ನಾಲ್ಕೂ ಸಲ ಬಂತು.

ಈ ನಡುವೆ ಇನ್ನೊಂದು ಪುಟ್ಟ ಕಾಟ. ಹಳೇ ಕೇಬಲ್ ಮೇಲೆ ಅನುಮಾನ ಬಂದು ಬೆಳಿಗ್ಗೆಯೇ ಚೀಲದಿಂದ ಬೇರೆ ವಿಜಿಎ ಕೇಬಲ್ ಹಾಕಿದ್ದೆ. ಮಧ್ಯಾಹ್ನ ಚಿತ್ರ ಬಂತು, ಆದರೆ 1024ಕ್ಕೆ 768. ಅದಕ್ಕಿಂತ ಮೇಲೆ ಆಯ್ಕೆಯೇ ಇಲ್ಲ. ಒತ್ತಕ್ಷರಗಳೆಲ್ಲ ಕಲಸಿದ ಅನ್ನ. ಮಾನಿಟರ್ ತಾನು ಯಾರು, ತನ್ನ ಅಳತೆ ಎಷ್ಟು ಅಂತ 128 ಬೈಟಿನ ಒಂದು ಪುಟ್ಟ ಪರಿಚಯಪತ್ರವನ್ನು ಕಂಪ್ಯೂಟರಿಗೆ ಕಳಿಸುತ್ತದೆ. ವಿಜಿಎಯಲ್ಲಿ ಅದು ಹೋಗುವುದು 12 ಮತ್ತು 15ನೇ ಪಿನ್ನಿನ ಮೂಲಕ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ಆ ವೈರುಗಳೇ ಇರುವುದಿಲ್ಲ. ನೋಡಿದರೆ ಈ ಕೇಬಲ್ಲಿನಲ್ಲಿ 12ನೇ ಪಿನ್ನು ಇಲ್ಲವೇ ಇಲ್ಲ. ಪರಿಚಯ ತಿಳಿಯದ ಅತಿಥಿಗೆ ಚಾಪೆ ಹಾಸಿ ಕೂರಿಸಿದ ಹಾಗೆ ವಿಂಡೋಸ್ ಎಲ್ಲ ಮಾನಿಟರಿಗೂ ಒಗ್ಗುವ ಒಂದು ಅಳತೆ ಕೊಟ್ಟು ಸುಮ್ಮನಾಗಿತ್ತು. ಹಳೇ ದಪ್ಪ ಕೇಬಲ್ಲೇ ಹಾಕಿ ಮಾನಿಟರಿನ 'ಆಟೋ' ಬಟನ್ ಒತ್ತಿದೆ, ಅಕ್ಷರ ತಿಳಿಯಾದವು.

ರಾತ್ರಿ ಪ್ಲಗ್ ತೆಗೆದು ಮಲಗಿದೆ. ಸೋಮವಾರ ಬೆಳಿಗ್ಗೆ, ನೋ ಸಿಗ್ನಲ್.

ಸಿಟ್ಟು ಬಂದು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತಂದುಬಿಡೋಣ, ದೊಡ್ಡ ಮಾನಿಟರನ್ನು ಡಿವಿಐಗೆ ಹಾಕಿದರಾಯಿತು, ಈ ಬೋರ್ಡಿನ ಹಂಗೇ ಬೇಡ ಅಂತ. ಕೊಪ್ಪಿಕರ್ ರಸ್ತೆಯ ಹತ್ತಿರ ಒಂದು ಸಣ್ಣ ರಿಪೇರಿ ಅಂಗಡಿ. ಅಂಗಡಿಯ ಹುಡುಗ ಯಾವುದೋ ಲ್ಯಾಪ್‌ಟಾಪಿನ ಹೊಟ್ಟೆ ಬಗೆದುಕೊಂಡು ಕೂತಿದ್ದ. ನನ್ನ ಕಥೆ ತಲೆ ಎತ್ತದೆ ಕೇಳಿದ.

"ರೀಸ್ಟಾರ್ಟ್ ಮಾಡಿದ್ರ ಬರತದ, ಪ್ಲಗ್ ತಗದು ಹಾಕಿದ್ರ ಬರಂಗಿಲ್ಲ. ಹೌದಲ್ರಿ?"

ಎರಡು ದಿನ ನನ್ನ ಕಣ್ಣೆದುರೇ ಇದ್ದದ್ದು ಆಗ ಮೊದಲ ಸಲ ನನಗೆ ಮಾತಿನಲ್ಲಿ ಕೇಳಿಸಿತು. "ಹೌದು" ಅಂದೆ.

"ಮುಂಜಾನೆ ಚಾಲೂ ಮಾಡಿದಾಗ ಪರದೆ ಮ್ಯಾಲ ಏನರೆ ಬರದು ನಿಂದರತದೇನ್ರಿ ಸರ?"

ನಿಲ್ಲುತ್ತದೆ. ಒಂದು ವರ್ಷದಿಂದ ನಿಲ್ಲುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರದ ಎರಡು ಮೂರು ಸಾಲು. ನಾನು ಎಫ್ 2 ಒತ್ತುತ್ತೇನೆ, ಮುಂದೆ ಹೋಗುತ್ತದೆ. ಒತ್ತಿ ಚಹಾ ತರಲು ಎದ್ದು ಹೋಗುತ್ತೇನೆ.

"ಎಫ್ 2 ಅಂದ್ರ ಏನಂತ ಬರದಿರತದ ಅಲ್ಲೆ?"

ನಾನು ಸುಮ್ಮನೆ ನಿಂತೆ. ಅವನು ಈಗ ತಲೆ ಎತ್ತಿ ನಕ್ಕ. ಕೆಟ್ಟ ನಗು ಅಲ್ಲ. "ಡೀಫಾಲ್ಟ್, ಅಂದ್ರ ಮೊದಲಿನ ಸೆಟ್ಟಿಂಗ್, ಲೋಡ್ ಮಾಡಿ ಮುಂದ ಹೋಗು ಅಂತ ಬರದಿರತದ್ರಿ. ನೀವ ದಿನಾ ಮುಂಜಾನೆ ಒತ್ತಿ ಅಳಿಸೀರಿ. ಬೋರ್ಡಿನ ಸೆಲ್ ಹೋಗೇದ. ಕನ್ವರ್ಟರ್ ಬೇಕಾದ್ರ ಕೊಡತೇನಿ, ಆದ್ರ ಮೊದಲ ಸೆಲ್ ಹಾಕಿ ನೋಡ್ರಿ."

ನಲವತ್ತು ರೂಪಾಯಿ ಕೊಟ್ಟು ಒಂದು ಸೆಲ್ ತೆಗೆದುಕೊಂಡೆ. ಸಿಆರ್ 2032, ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಹೆಸರಿನಲ್ಲೇ ಅಳತೆ ಇದೆ. ಪ್ಲಗ್ ತೆಗೆದಾಗಲೂ ಬಯೋಸಿನ ಆಯ್ಕೆಗಳನ್ನೂ ಗಡಿಯಾರವನ್ನೂ ಕಾಯುವುದು ಇದರ ಕೆಲಸ. ಪ್ಲಗ್ ಗೋಡೆಯಲ್ಲಿದ್ದರೆ ಕಂಪ್ಯೂಟರ್ ಆಫ್ ಇದ್ದರೂ ಬೋರ್ಡಿಗೆ ತುಸು ಕರೆಂಟ್ ಸಿಗುತ್ತಲೇ ಇರುತ್ತದೆ, ಹಾಗಾಗಿ ಸೆಲ್ ಸತ್ತದ್ದು ಗೊತ್ತಾಗುವುದಿಲ್ಲ. ಪ್ಲಗ್ ಕಿತ್ತರೆ ಎಲ್ಲ ಮರೆವು. ಅಂದರೆ ಭಾನುವಾರ ನಾನು ರಿಪೇರಿಗೆಂದು ಪ್ಲಗ್ ತೆಗೆದಷ್ಟೂ ಸಲ, ರಿಪೇರಿಯೇ ರೋಗವಾಗಿತ್ತು. ಬೆಳಿಗ್ಗೆ ವಿಂಡೋಸಿನ ಮೂಲೆಯ ಗಡಿಯಾರ ಯಾವುದೋ ಹಳೇ ವರ್ಷ ತೋರಿಸಿ, ಇಂಟರ್ನೆಟ್ ಬಂದ ಮೇಲೆ ತಾನೇ ಸರಿಹೋಗುತ್ತಿದ್ದದ್ದೂ ಬಸ್ಸಿನಲ್ಲಿ ವಾಪಸ್ ಬರುವಾಗ ನೆನಪಾಯಿತು. ಅದನ್ನೂ ನೋಡಿದ್ದೆ.

ಬೇರೆಯವರ ಪುಸ್ತಕದಲ್ಲಿ ಒಂದು ಕೊಂಬು, ಒಂದು ದೀರ್ಘ ತಪ್ಪಿದರೆ ಹಿಡಿಯುವುದೇ ನನ್ನ ಹೊಟ್ಟೆಪಾಡು. ಇದನ್ನು ಮನೆಯಲ್ಲಿ ಹೇಳಬೇಕೋ ಬೇಡವೋ ಅಂತ ನವಲೂರು ದಾಟುವವರೆಗೂ ಯೋಚಿಸಿದೆ. ಹೇಳಿದೆ. ಮಗಳು ನಗುತ್ತ ಹೋಗಿ ಅವರಮ್ಮನಿಗೆ ಇನ್ನೂ ಚೆನ್ನಾಗಿ ಹೇಳಿದಳು.

ಹಳೇ ಸೆಲ್ಲಿಗೆ ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ 1.4. ಹೊಸದು ಹಾಕಿದೆ, ತಾರೀಕು ಸರಿಮಾಡಿದೆ, ಮಲ್ಟಿ ಮಾನಿಟರ್ ಆನ್ ಮಾಡಿದೆ, ಸೇವ್ ಆಯಿತೋ ಇಲ್ಲವೋ ಅಂತ ಮತ್ತೆ ಒಳಗೆ ಹೋಗಿ ನೋಡಿದೆ. ರಾತ್ರಿ ಹೆಂಡತಿ ಕೇಳುವ ಮುಂಚೆಯೇ ಪ್ಲಗ್ ತೆಗೆದೆ.

ಮಂಗಳವಾರ ಬೆಳಿಗ್ಗೆ ಸ್ವಿಚ್ ಒತ್ತಿದಾಗ ನನ್ನ ಬೆರಳು ಆಗಲೇ ಎಫ್ 2 ಮೇಲೆ ಇತ್ತು. ಕಪ್ಪು ಪರದೆ ಬರಲೇ ಇಲ್ಲ. ಎಡಕ್ಕೆ ಚೌಕ ಮಾನಿಟರ್ ತಾನಾಗಿ ಬೆಳಗಿತು. ಚಹಾ ತರಲು ಏಳದೆ 47ನೇ ಪುಟ ತೆಗೆದು ಪರದೆಯ ತುಂಬ ದೊಡ್ಡದು ಮಾಡಿದೆ. ಅಕ್ಷರದ ಹೊಟ್ಟೆಯಲ್ಲಿ ಚುಕ್ಕೆ ಇರಲಿಲ್ಲ, ಬುಡದಲ್ಲಿ ಸೀಳೂ ಇರಲಿಲ್ಲ. ಬಲಗಡೆ ಪರದೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಳಿಸಿ 'ಕದನ' ಅಂತ ತಿದ್ದಿದೆ.