ವೋಲ್ಟೇಜ್ ತುಸು ಇಳಿಸಿದರೆ ಬೇಡಿಕೆ ಎಷ್ಟು ಇಳಿಯುತ್ತದೆ?

ಸಂಜೆಯ ಹೊತ್ತಿನಲ್ಲಿ ಮನೆಮನೆಗಳ ವಿದ್ಯುತ್ ಬಳಕೆ ಒಮ್ಮೆಲೇ ಏರಿದಾಗ, ಯಾರ ಸಂಪರ್ಕವನ್ನೂ ಕಡಿತಗೊಳಿಸದೆ ಒಟ್ಟು ಬೇಡಿಕೆಯನ್ನು ಒಂದಿಷ್ಟು ತಗ್ಗಿಸುವ ಉಪಾಯವೊಂದು ಉಪಕೇಂದ್ರದಲ್ಲೇ ಇದೆ. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಹೊರಬರುವ ವೋಲ್ಟೇಜನ್ನು ಹೆಚ್ಚುಕಡಿಮೆ ಮಾಡುವ ಹೊಂದಿಕೆ) ಬದಲಿಸಿ, ಅನುಮತಿಸಿದ ಮಿತಿಯೊಳಗೇ ವೋಲ್ಟೇಜನ್ನು ಸ್ವಲ್ಪ ಇಳಿಸುವುದೇ ಆ ಉಪಾಯ. ಲೋಡ್ ಶೆಡ್ಡಿಂಗ್‌ಗಿಂತ ಇದು ಎಷ್ಟೋ ಮೇಲು ಎಂದು ನಾನು ದೃಢವಾಗಿ ನಂಬಿದ್ದೇನೆ. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಎಲೆಕ್ಟ್ರಿಸಿಟಿ ನಾರ್ತ್ ವೆಸ್ಟ್ ಸಂಸ್ಥೆಯು ‘ಕ್ಲಾಸ್’ ಎಂಬ ಯೋಜನೆಯಲ್ಲಿ ಇದನ್ನು ಪ್ರಯೋಗಿಸಿದಾಗ, ಗ್ರಾಹಕರಿಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಆದರೆ ಇದರಿಂದ ಉಳಿಯುವುದು ಏನು ಎಂಬುದನ್ನು ಬಿಡಿಸಿ ನೋಡಬೇಕು. ಗೀಸರಿನ ಕಾಯಿಲ್‌ನಂಥ ಉಪಕರಣ ಎಳೆಯುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜ್ × ವೋಲ್ಟೇಜ್) ಅನುಗುಣವಾಗಿರುವುದರಿಂದ, 230 ವೋಲ್ಟಿನಲ್ಲಿ 2,000 ವ್ಯಾಟ್ ಎಳೆಯುವ ಗೀಸರ್, ವೋಲ್ಟೇಜ್ ಶೇಕಡಾ 5ರಷ್ಟು ಇಳಿದು 218.5 ಆದಾಗ ಸುಮಾರು 1,805 ವ್ಯಾಟ್ ಎಳೆಯುತ್ತದೆ. ಆದರೂ ನೀರು ಕಾಯಲು ಬೇಕಾದ ಶಾಖ ಅಷ್ಟೇ ಆದ್ದರಿಂದ, ಥರ್ಮೋಸ್ಟಾಟ್ ಅದನ್ನು ಇನ್ನಷ್ಟು ಹೊತ್ತು ಚಾಲೂ ಇಡುತ್ತದೆ. ಸಾವಿರಾರು ಗೀಸರುಗಳು ಹೀಗೆ ತಡವಾಗಿ ನಿಲ್ಲತೊಡಗಿದರೆ, ಮೊದಲು ಇಳಿದ ಬೇಡಿಕೆ ಕ್ರಮೇಣ ಹಿಂತಿರುಗುತ್ತದೆ. ಹಾಗಾಗಿ ಇಂಥ ಉಪಕರಣಗಳ ವಿಷಯದಲ್ಲಿ ಈ ಕ್ರಮವು ಅಲ್ಪಾವಧಿಯ ಗರಿಷ್ಠ ಬೇಡಿಕೆಯನ್ನು ದಾಟಿಸಬಲ್ಲದೇ ಹೊರತು ತಿಂಗಳ ಯೂನಿಟ್ಟುಗಳನ್ನು ಹೆಚ್ಚೇನೂ ಕಡಿಮೆ ಮಾಡದು.

ಹಳೆಯ ತಂತಿಬಲ್ಬುಗಳಲ್ಲಿ ಉಳಿತಾಯ ನಿಜವಾಗಿತ್ತು, ಬೆಳಕು ಮಾತ್ರ ಮಂಕಾಗುತ್ತಿತ್ತು. ಕಂಪ್ಯೂಟರ್, ಟಿವಿ, ಇನ್ವರ್ಟರ್ ಎಸಿಗಳಲ್ಲಿ ಇದು ತಿರುಗುಮುರುಗು: ಅವು ತಮಗೆ ಬೇಕಾದ ವ್ಯಾಟ್‌ಗಳನ್ನು ಪಡೆದೇ ತೀರುತ್ತವೆ, ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟ್ ಎಳೆದು ತಂತಿಗಳಲ್ಲಿನ ನಷ್ಟವನ್ನು ಏರಿಸುತ್ತವೆ. ಮನೆಗಳಲ್ಲಿ ಇಂಥವುಗಳ ಪಾಲು ಹೆಚ್ಚಾದಂತೆ ವೋಲ್ಟೇಜ್ ಇಳಿಕೆಯ ಫಲ ಕುಗ್ಗುತ್ತದೆ. ಆದ್ದರಿಂದ ವೋಲ್ಟೇಜ್ ಇಳಿಸಿದರೆ ಬೇಡಿಕೆ ಎಷ್ಟು ಇಳಿಯುತ್ತದೆ ಎಂಬ ಹಳೆಯ ಅಳತೆಗಳನ್ನೇ ನೆಚ್ಚಿಕೊಂಡು ಯೋಜನೆ ಹಾಕುವುದು ಸರಿಯಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಫೀಡರಿನ, ಅಂದರೆ ಉಪಕೇಂದ್ರದಿಂದ ಮನೆಗಳತ್ತ ಹೊರಡುವ ವಿದ್ಯುತ್ ಮಾರ್ಗದ, ಕೊನೆಯ ಮನೆ. ತಂತಿಯುದ್ದಕ್ಕೂ ವೋಲ್ಟೇಜ್ ಕುಸಿಯುತ್ತಲೇ ಹೋಗುವುದರಿಂದ, ಉಪಕೇಂದ್ರದಲ್ಲಿ ನಿರಪಾಯವೆನಿಸುವ ಇಳಿಕೆ ಅಲ್ಲಿ ವೋಲ್ಟೇಜನ್ನು ಕನಿಷ್ಠ ಮಿತಿಗಿಂತ ಕೆಳಗಿಳಿಸಬಹುದು, ಮೋಟಾರು ಬಿಸಿಯಾಗಬಹುದು. ಆ ತುದಿಯಲ್ಲಿ ಸ್ಮಾರ್ಟ್ ಮೀಟರುಗಳಿಂದ ವೋಲ್ಟೇಜನ್ನು ನಿರಂತರವಾಗಿ ಅಳೆದು, ಅಗತ್ಯವಿದ್ದಲ್ಲಿ ವೋಲ್ಟೇಜನ್ನು ಎತ್ತಿಹಿಡಿಯುವ ಕೆಪಾಸಿಟರ್ ಅಥವಾ ರೆಗ್ಯುಲೇಟರ್ ಅಳವಡಿಸಿದ ಬಳಿಕವೇ ಟ್ಯಾಪ್ ಇಳಿಸಬೇಕು. ಚಾವಣಿಯ ಸೌರಫಲಕಗಳು ಇದೇ ಫೀಡರಿನ ವೋಲ್ಟೇಜನ್ನು ಮಧ್ಯಾಹ್ನ ಏರಿಸುವುದರಿಂದ, ದಿನವಿಡೀ ಒಂದೇ ಟ್ಯಾಪಿನಲ್ಲಿ ನಿಂತರೆ ಕೆಲಸ ನಡೆಯದು. ಮಧ್ಯಾಹ್ನಕ್ಕೊಂದು, ಸಂಜೆಗೊಂದು ಗುರಿ ಬೇಕಾಗುತ್ತದೆ.