ಒಂದು ಪೂರ್ತಿ ನಿಮಿಷ

2011ರಲ್ಲಿ ಶಹಾಪುರದ ಕಡೆಯ ಹಳ್ಳಿಯಿಂದ ಟ್ರಂಕು ಹೊತ್ತು ಬಿ.ಎಸ್ಸಿ ನರ್ಸಿಂಗ್ ಓದಲು ಬಂದಾಗ ಈ ಊರಿನ ಬೋರ್ಡುಗಳ ಮೇಲೆಲ್ಲ ಇನ್ನೂ ಗುಲಬರ್ಗಾ ಎಂದೇ ಇತ್ತು. ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ನಾವು ಕೊನೆಯ ವರ್ಷದಲ್ಲಿದ್ದಾಗ. ಮೊದಲ ವಾರವೇ ನರ್ಸಿಂಗಿನ ಮೂಲಪಾಠ ಕಲಿಸುವ ಫಂಡಮೆಂಟಲ್ಸ್ ಮೇಡಂ, ಸೆಕೆಂಡ್ ಮುಳ್ಳಿರುವ ವಾಚು ಇಲ್ಲದೆ ಯಾರೂ ವಾರ್ಡಿಗೆ ಕಾಲಿಡಬಾರದು ಎಂದಿದ್ದರು. ಅಪ್ಪ ಸೂಪರ್ ಮಾರ್ಕೆಟಿಗೆ ಕರೆದುಕೊಂಡು ಹೋಗಿ ಕೊಡಿಸಿದರು. ಅದು ಯಾಕೆ ಬೇಕು ಎಂದು ನನಗೆ ತಿಳಿದದ್ದು ಮಾತ್ರ ಐದು ತಿಂಗಳ ಮೇಲೆ.

ಮೆಡಿಕಲ್ ವಾರ್ಡಿನಲ್ಲಿ ಬೆಳಗಿನ ಪಾಳಿ. ಜ್ವರ ನೋಡಿದೆ, ನಾಡಿ ಎಣಿಸಿದೆ, ಬಿ.ಪಿ. ನೋಡಿದೆ. ಉಸಿರಿನ ಕಾಲಂಗೆ ಬಂದಾಗ ಮೇಲಿನ ಸಾಲುಗಳಲ್ಲೆಲ್ಲ 20 ಎಂದಿತ್ತು, ನಾನೂ 20 ಎಂದು ಬರೆದು ಮುಂದಿನ ಮಂಚಕ್ಕೆ ಹೋದೆ. ಹೀಗೆ ಹನ್ನೊಂದು ಮಂಚ. ಮೇಡಂ ಹಿಂದಿನಿಂದ ಬಂದು ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ಏನಪಾ, ಎಲ್ಲಾರೂ ಇಪ್ಪತ್ತೇ ಉಸರು ತಗೋತಾರೇನು?"

ನಾನು ಬಾಯಿ ಬಿಡಲಿಲ್ಲ. ಅವರು ಬೈಯಲಿಲ್ಲ. ಏಳನೇ ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದರು. ಕಾಲಿನ ಗಾಯ ಕೀವಾಗಿ ದಾಖಲಾಗಿದ್ದ ರೈತರೊಬ್ಬರು ಅಲ್ಲಿ ಮಲಗಿದ್ದರು. "ಕುಂದರ್. ನಾಡಿ ನೋಡ್ಲಾಕತ್ತೀದಿ ಅನ್ನಂಗ ಕೈ ಹಿಡಿ. ಕಣ್ಣು ಎದಿ ಮ್ಯಾಲೆ ಇರ್ಲಿ. ಉಸರು ಎಣಿಸ್ತೀನಂತ ಹೇಳಬ್ಯಾಡ, ಹೇಳಿದ್ರ ಅವರ ಉಸರೇ ಬದಲಾಗ್ತದ."

ಅವರ ಕೈಯನ್ನು ಹೊಟ್ಟೆಯ ಮೇಲಿಟ್ಟು ಮಣಿಕಟ್ಟು ಹಿಡಿದೆ. ಹೊದ್ದ ಚಾದರದ ಅಂಚು ಏರುವುದು, ಇಳಿಯುವುದು ಆಗ ಕಂಡಿತು. ಮುಳ್ಳು ಅರ್ಧ ಸುತ್ತುವಷ್ಟರಲ್ಲೇ ಹದಿನೇಳಾಗಿತ್ತು. ನಿಮಿಷ ಮುಗಿದಾಗ 34. ಬಿ.ಪಿ. ಸರಿಯಿತ್ತು, ಬೆರಳಿನ ಯಂತ್ರ ಆಮ್ಲಜನಕ 96 ತೋರಿಸುತ್ತಿತ್ತು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಎಂದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದವನೇ. ದೇಹ ಸೋಲುವ ಮುಂಚೆ ಜೋರಾಗಿ ಉಸಿರೆಳೆದು ಉಳಿದ ಅಂಕಿಗಳನ್ನೆಲ್ಲ ಹೇಗೋ ಹಿಡಿದಿಟ್ಟಿರುತ್ತದೆ, ಅದಕ್ಕೇ ಉಸಿರು ಬಹಳ ಸಲ ಎಲ್ಲಕ್ಕಿಂತ ಮೊದಲು ಸುಳಿವು ಕೊಡುತ್ತದೆ ಎಂಬುದು ಆ ಸ್ಟೂಲಿನ ಮೇಲೆ ತಲೆಗೆ ಹೋಯಿತು.

ಮೇಡಂ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ ರೀತಿ ಈಗಲೂ ಕಿವಿಯಲ್ಲಿದೆ. "ಪೇಷಂಟ್ ಚಲೋ ಇಲ್ಲ" ಎನ್ನಲಿಲ್ಲ. ಏಳನೇ ಮಂಚ, ಕಾಲಿನ ಗಾಯ, ಎರಡು ದಿನದಿಂದ ಜ್ವರ, ಈಗ ಉಸಿರು 34, ನಿನ್ನೆಗಿಂತ ಮಂಪರು, ಸೋಂಕು ರಕ್ತಕ್ಕೇರಿದೆ ಅಂತ ನನಗನಿಸ್ತದ, ಈಗಲೇ ಬಂದು ನೋಡ್ರಿ ಎಂದರು. ಮಧ್ಯಾಹ್ನದೊಳಗೆ ಅವರನ್ನು ಐಸಿಯುಗೆ ಸಾಗಿಸಿದರು. ಹತ್ತು ದಿನದ ಮೇಲೆ ವಾರ್ಡಿಗೆ ಮರಳಿದರು. ನಾನು ಬರೆದ 20 ಹಾಗೇ ಉಳಿದಿದ್ದರೆ ಅವರ ಮಕ್ಕಳಿಗೆ ನಾನು ಏನು ಹೇಳುತ್ತಿದ್ದೆ? ಅಂದು ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರಲಿಲ್ಲ.

ಮೇಡಂ ಕಲಿಸಿದ್ದು ಪುಸ್ತಕದ್ದೇ, ಆದರೆ ಈ ನೆಲಕ್ಕೆ ಒಗ್ಗಿಸಿ ಕಲಿಸುತ್ತಿದ್ದರು. ಶರಣಬಸವೇಶ್ವರರ ಊರಿದು, ಒಂದು ವಾರ್ಡಿನಲ್ಲಿ ಮೂವರು ಶರಣಮ್ಮ ಇರುವುದು ಮಾಮೂಲು. "ನೀವು ಶರಣಮ್ಮ ಏನ್ರಿ?" ಎಂದರೆ ಕಿವಿ ಮಂದವಾದವರೂ "ಹ್ಞೂಂ" ಎಂದುಬಿಡುತ್ತಾರೆ. ಹಾಗಾಗಿ "ನಿಮ್ಮ ಹೆಸರೇನ್ರಿ? ಗಂಡನ ಹೆಸರೇನು, ಯಾವ ಊರು?" ಎಂದು ಅವರ ಬಾಯಿಂದಲೇ ಹೇಳಿಸಿ, ದಾಖಲಾದಾಗ ಕೊಟ್ಟ ಐಪಿ ನಂಬರಿಗೆ ತಾಳೆ ನೋಡಿ ಗುಳಿಗೆ ಕೊಡಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ಇಲ್ಲಿ ಬೆವರದವರು ಯಾರೂ ಇಲ್ಲ. ಸಕ್ಕರೆ ಕಾಯಿಲೆಯವರು ಬೆವರಿದಾಗ ಅಂಗೈ ಹಿಂಭಾಗದಿಂದ ಹಣೆ ಮುಟ್ಟಿ ನೋಡು ಎನ್ನುತ್ತಿದ್ದರು. ಮೈ ತಣ್ಣಗಿದ್ದು, ಕೈ ನಡುಗಿ, ಮಾತು ತೊದಲಿದರೆ ಅದು ಬಿಸಿಲಿನ ಬೆವರಲ್ಲ, ರಕ್ತದ ಸಕ್ಕರೆ ಇಳಿದಿರಬಹುದು. ಮೊದಲು ಗ್ಲುಕೋಮೀಟರ್ ತಾ.

ಇನ್ಸುಲಿನ್ ಪಾಠವನ್ನು ಅವರು ಬರೀ ನೀರಿನಲ್ಲಿ ಮಾಡಿದರು. ನಮ್ಮಲ್ಲಿ ಇನ್ಸುಲಿನ್ ಒಂದು ಎಂ.ಎಲ್‌ಗೆ 40 ಯೂನಿಟ್ಟಿನದೂ ಸಿಗುತ್ತದೆ, 100 ಯೂನಿಟ್ಟಿನದೂ ಸಿಗುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. ಎರಡರಲ್ಲೂ 20ರ ಗೆರೆವರೆಗೆ ನೀರೆಳೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಕೆಂಪಿನಲ್ಲಿ ಅರ್ಧ ಎಂ.ಎಲ್., ಕಿತ್ತಳೆಯಲ್ಲಿ 0.2. ಗೆರೆ ಒಂದೇ, ನೀರು ಎರಡೂವರೆ ಪಟ್ಟು. 100ರ ಬಾಟಲಿಗೆ ಕೆಂಪು ಸಿರಿಂಜು ಹಾಕಿದರೆ 20 ಯೂನಿಟ್ ಎಂದುಕೊಂಡು 50 ಚುಚ್ಚುತ್ತೇವೆ.

ಇದು ನನಗೆ ಉಪಯೋಗಕ್ಕೆ ಬಂದದ್ದು ಕೊನೆಯ ವರ್ಷ, ಶ್ರಾವಣದಲ್ಲಿ. ಚಿತ್ತಾಪುರದ ಕಡೆಯ ಆಯಿಯೊಬ್ಬರು ಭಾನುವಾರ ರಾತ್ರಿ ದಾಖಲಾಗಿದ್ದರು. ಸೋಮವಾರದ ರೌಂಡ್ಸಿನಲ್ಲಿ ಮಧ್ಯಾಹ್ನದ ಊಟಕ್ಕೆ ಅರ್ಧ ತಾಸು ಮೊದಲು 12 ಯೂನಿಟ್ ಎಂದು ಆರ್ಡರ್ ಆಯಿತು. ಬಾಟಲಿ 40ರದ್ದು, ಮಗ ಹೊರಗಿನ ಮೆಡಿಕಲ್‌ನಿಂದ ತಂದ ಸಿರಿಂಜು ಕಿತ್ತಳೆ ಮುಚ್ಚಳದ್ದು. ಬದಲಿಸಿ ತರಿಸಿದೆ. ಸಿಸ್ಟರ್ ಮುಂದೆ ಎಳೆದು ಇಬ್ಬರೂ ಗೆರೆ ನೋಡಿಕೊಂಡೆವು. ತಪ್ಪೊಂದನ್ನು ಹಿಡಿದೆ ಎಂಬ ಸಮಾಧಾನದಲ್ಲಿ ಟ್ರೇ ಹಿಡಿದು ಮಂಚದ ಹತ್ತಿರ ಹೋದವನಿಗೆ, ಸ್ಪಿರಿಟ್ ಹತ್ತಿ ತೆಗೆಯುವಾಗ ಕೇಳಬೇಕೆನಿಸಿತು: "ಆಯಿ, ಊಟ ಬಂತೇನ್ರಿ?"

"ಇವತ್ತು ಶ್ರಾವಣ ಸೋಮಾರ ಅದ ತಮ್ಮಾ. ನಂದು ಒಪ್ಪತ್ತು. ಸಂಜಿಗಿ ಉಣ್ತೀನಿ."

ಸಿರಿಂಜು ಟ್ರೇಗೆ ವಾಪಸ್ ಇಟ್ಟೆ. ಸಕ್ಕರೆ ನೋಡಿದರೆ 146. ಆರ್ಡರ್ ಸರಿಯಿತ್ತು, ಔಷಧ ಸರಿಯಿತ್ತು, ಹೆಸರು, ಅಳತೆ, ಹೊತ್ತು ಎಲ್ಲ ಸರಿಯಿತ್ತು. ಹೊಟ್ಟೆ ಮಾತ್ರ ಖಾಲಿಯಿತ್ತು, ಚುಚ್ಚಿದ್ದರೆ ಸಕ್ಕರೆ ತೀರಾ ಇಳಿದುಬಿಡಬಹುದಿತ್ತು. ಸಿಸ್ಟರ್ ಡಾಕ್ಟರಿಗೆ ಹೇಳಿದರು. ಅವರು ಆ ಡೋಸ್ ತಡೆದು, ನಡುನಡುವೆ ಸಕ್ಕರೆ ನೋಡುತ್ತಿರಲು ಹೇಳಿ, ಸಂಜೆ ಊಟದ ಹೊತ್ತಿಗೆ ಬದಲಿಸಿ ಬರೆದರು. ಒಪ್ಪತ್ತು ಬಿಡ್ರಿ ಎಂದು ಆಯಿಗೆ ಯಾರೂ ಗದರಲಿಲ್ಲ. ಸೂಜಿಗೂ ಊಟಕ್ಕೂ ಇರುವ ಆ ಅರ್ಧ ತಾಸಿನ ಲೆಕ್ಕವನ್ನು ನಾನು ಕೂತು ಬಿಡಿಸಿ ಹೇಳಿದೆ.

ನನ್ನ ಪಾಳಿ ಮುಗಿದಿತ್ತು. ಹೋಗಲು ಮನಸ್ಸಾಗದೆ ಚಾರ್ಟ್ ಬರೆಯುತ್ತ ಕೂತಿದ್ದೆ. ಕತ್ತಲಾಗುವ ಮುಂಚೆ ಆಯಿಯ ಮಗ ಡಬ್ಬಿ ಹಿಡಿದು ನರ್ಸಿಂಗ್ ಸ್ಟೇಷನ್ನಿಗೆ ಬಂದ. ರೊಟ್ಟಿ, ಪುಂಡಿಪಲ್ಯದ ವಾಸನೆ.

"ಅವ್ವ ಹೇಳಿ ಕಳಿಸ್ಯಾಳ್ರಿ. ಇನ್ನ ಅರ್ಧ ತಾಸಿಗಿ ಉಣ್ತೀನಿ, ತಮ್ಮಗ ಸೂಜಿ ತಗೊಂಡು ಬಾ ಅನ್ನು ಅಂತ."