ತಡವಾಗಿ ಅದ್ದಿದ ಮೊಟ್ಟೆ

ನಾನು ರೇಷ್ಮೆ ಬಿತ್ತನೆ ಕೋಠಿಯಲ್ಲಿ, ಅಂದರೆ ರೇಷ್ಮೆ ಹುಳದ ಮೊಟ್ಟೆ ತಯಾರಿಸುವ ಕಡೆ, ಕೆಲಸ ಮಾಡುತ್ತೇನೆ. ಸೇರಿದ ಮೊದಲ ವರ್ಷ ನನ್ನಿಂದ ಒಂದು ತಪ್ಪಾಯಿತು. ವರ್ಷಕ್ಕೆ ಎರಡೇ ತಲೆಮಾರು ಕಾಣುವ ಬೈವೋಲ್ಟೀನ್ ತಳಿಯ ರೇಷ್ಮೆ ಚಿಟ್ಟೆಗಳು ಸಂಜೆ ಹಾಳೆಗಳ ಮೇಲೆ ಮೊಟ್ಟೆ ಇಟ್ಟಿದ್ದವು. ಸುಮಾರು 20 ಗಂಟೆ ಕಳೆದ ಮೇಲೆ, ಅಂದರೆ ಮರುದಿನ ಮಧ್ಯಾಹ್ನವೇ, ಹಾಳೆಗಳನ್ನು ಬಿಸಿ ಆಸಿಡ್‌ನಲ್ಲಿ ಅದ್ದಬೇಕಿತ್ತು. ಅವತ್ತು ಕೆಲಸ ಜಾಸ್ತಿ ಇತ್ತು. ಒಂದು ದಿನ ತಡವಾದರೆ ಏನಂತೆ ಅಂದುಕೊಂಡು ಅದರ ಮಾರನೇ ದಿನ ಅದ್ದಿದೆ.

ಮೊಟ್ಟೆ ಒಡೆಯಬೇಕಾದ ದಿನ ಚಾಕಿ (ಎಳೆ ರೇಷ್ಮೆ ಹುಳ) ಸಾಕುವ ಅಣ್ಣ ಫೋನ್ ಮಾಡಿದರು. "ಮೇಡಂ, ಸೊಪ್ಪು ಕೊಯ್ದು ಇಟ್ಕೊಂಡಿದೀನಿ. ಅಲ್ಲೊಂದು ಇಲ್ಲೊಂದು ಹುಳ ಬಂದೈತೆ, ಮಿಕ್ಕಿದ್ದೆಲ್ಲ ಹಂಗೇ ಐತೆ." ಹೋಗಿ ನೋಡಿದೆ. ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಕಡುಕಂದು ಬಣ್ಣಕ್ಕೆ ತಿರುಗಿ ಹಾಳೆಗೆ ಅಂಟಿಕೊಂಡಿದ್ದವು. ಅವರು ಬೈಯಲಿಲ್ಲ. "ಮೈಸೂರು ತಳಿಗೆ ಈ ಆಸಿಡ್ಡು ಗೀಸಿಡ್ಡು ಬೇಡ, ಹತ್ತು ದಿನಕ್ಕೆ ತಾನೇ ಒಡೀತೈತೆ. ಇದಕ್ಕೇ ಯಾಕೆ ಬೇಕು?" ಅಂದರು.

ಆಸಿಡ್ 46 ಡಿಗ್ರಿ, ಅದ್ದುವುದು ಐದು ನಿಮಿಷ. ಇಷ್ಟು ನನಗೆ ಬಾಯಿಪಾಠ. ಯಾಕೆ ಅನ್ನೋದು ಗೊತ್ತಿರಲಿಲ್ಲ. ಆಮೇಲೆ ಕೂತು ಓದಿದೆ.

ಬೈವೋಲ್ಟೀನ್ ತಳಿಗಳ ಮೂಲ ಜಪಾನ್, ಚೀನಾ ಕಡೆಯದು. ಜಪಾನಿನ ನಾಗಾನೊ ಇರುವುದು 36 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಸುಮಾರು 5 ಗಂಟೆ ವ್ಯತ್ಯಾಸ. 12 ಡಿಗ್ರಿಯಲ್ಲಿರುವ ಮೈಸೂರಲ್ಲಿ ಒಂದೂವರೆ ಗಂಟೆ ಅಷ್ಟೆ. ಜಪಾನಿನ ಚಳಿಗೆ ಹಿಪ್ಪುನೇರಳೆ ಎಲೆ ಉದುರಿಸಿ ಬೋಳಾಗುತ್ತದೆ. ಆಗ ಹೊರಬಂದ ಹುಳಕ್ಕೆ ಹಸಿವೇ ಗತಿ. ಚಳಿ ಕಳೆಯುವವರೆಗೆ ಮೊಟ್ಟೆಯಲ್ಲೇ ಮಲಗಿದ ಸಂತತಿ ಮಾತ್ರ ಉಳಿಯಿತು. ವರ್ಷಕ್ಕೆ ಎರಡು ತಲೆಮಾರು, ಆಮೇಲೆ ನಿದ್ದೆ. ಯುರೋಪಿನ ತಳಿಗಳದ್ದು ಒಂದೇ ತಲೆಮಾರು. ನಮ್ಮಲ್ಲಿ ನೀರಿದ್ದರೆ ವರ್ಷಕ್ಕೆ ಐದು ಸಲ ಸೊಪ್ಪು ಬರುತ್ತದೆ. ಮೈಸೂರು ತಳಿ ಯಾಕೆ ಮಲಗಬೇಕು, ಅಲ್ವಾ?

ನನಗೆ ಇವತ್ತಿಗೂ ಬೆರಗು ಅನ್ನಿಸುವುದು ತಾಯಿಚಿಟ್ಟೆಯ ಲೆಕ್ಕ. ತಾನು ಮೊಟ್ಟೆಯೊಳಗಿದ್ದಾಗ 25 ಡಿಗ್ರಿ ಶಾಖ, ಉದ್ದ ಹಗಲು ಸಿಕ್ಕಿದ್ದರೆ ಅವಳಿಡುವ ಮೊಟ್ಟೆ ಮಲಗುತ್ತದೆ. 15 ಡಿಗ್ರಿ ತಂಪು, ಕತ್ತಲು ಸಿಕ್ಕಿದ್ದರೆ ಮಲಗುವುದಿಲ್ಲ. ಮೊದಲ ಸಲ ಓದಿದಾಗ ಉಲ್ಟಾ ಇದೆ ಅನ್ನಿಸಿತು. ಆದರೆ ಚಳಿ ಮುಗಿಯುವ ಹೊತ್ತಲ್ಲಿ ಹುಟ್ಟಿದವಳ ಮಕ್ಕಳಿಗೆ ಮುಂದೆ ಬೇಸಿಗೆ ಇದೆ. ಬೇಸಿಗೆಯಲ್ಲಿ ಹುಟ್ಟಿದವಳ ಮಕ್ಕಳಿಗೆ ಮುಂದೆ ಇರುವುದು ಚಳಿ. ಈ ಸುದ್ದಿಯನ್ನು ಅವಳು ಒಂದು ಹಾರ್ಮೋನ್ ಮೂಲಕ ಮೊಟ್ಟೆಗೆ ಮುಟ್ಟಿಸುತ್ತಾಳೆ.

ನಾವು ಮೊಟ್ಟೆಗೆ ಶಾಖ ಕೊಡುವುದು 25 ಡಿಗ್ರಿಯಲ್ಲೇ. ಹಾಗಾಗಿ ನಮ್ಮ ಚಿಟ್ಟೆಗಳು ಪ್ರತಿ ಸಲವೂ ಇಲ್ಲಿಗೆ ಬಾರದ ಚಳಿಗಾಲಕ್ಕೆ ಮಕ್ಕಳನ್ನು ಸಿದ್ಧ ಮಾಡುತ್ತವೆ. ನಿದ್ದೆ ಹತ್ತುವ ಮೊದಲೇ ಆಸಿಡ್ ಅದನ್ನು ತಡೆಯಬೇಕು. ನಾನು ಕಳೆದ ಆ ಒಂದು ದಿನದಲ್ಲಿ ನಿದ್ದೆ ಹತ್ತಿಬಿಟ್ಟಿತ್ತು.

ಅಣ್ಣನಿಗೆ ಇದನ್ನೆಲ್ಲ ಹೇಳಿದಾಗ, "ಹಂಗಾರೆ ಅದಕ್ಕಿನ್ನೂ ಅವರೂರೇ ನೆಪ್ಪು" ಅಂದರು.

ಈಗ ಪ್ರತಿ ಹಾಳೆಯ ಮೂಲೆಯಲ್ಲಿ ಮೊಟ್ಟೆ ಇಟ್ಟ ಗಂಟೆ ಬರೆಯುತ್ತೇನೆ. ಹೊತ್ತು ಮೀರಿದ ಹಾಳೆ ಸಿಕ್ಕರೆ ಆಸಿಡ್‌ಗೆ ಅದ್ದುವುದಿಲ್ಲ. ಅದನ್ನು ಬೇರೆ ಎತ್ತಿಟ್ಟು, ಆಮೇಲೆ ತಿಂಗಳುಗಟ್ಟಲೆ 5 ಡಿಗ್ರಿಯ ತಂಪು ಕೋಣೆಯಲ್ಲಿ ಇಡುತ್ತೇವೆ. ಅದು ಕಾಯುತ್ತಿರುವ ಚಳಿಗಾಲವನ್ನೇ ಅದಕ್ಕೆ ಕೊಡುತ್ತೇವೆ.